ನಲವತ್ತೊಂದು ಬಾರ್ಜ್ ಕೆಸರು

ಮೇ 12

ಅಪ್ಪ,

ಕ್ಷೇಮಸಮಾಚಾರವನ್ನೆಲ್ಲ ಅಮ್ಮ ಫೋನಿನಲ್ಲೇ ಹೀರಿಕೊಂಡಿದ್ದಾಳೆ, ಆ ಸಾಲುಗಳನ್ನು ಹಾರಿಸುತ್ತೇನೆ. ಕಳೆದ ಸಲ ನಿಮ್ಮ ಜೊತೆ ಫೋನಿನಲ್ಲಿ ಕಿರುಚಿ ಕಿರುಚಿ ನನ್ನ ಗಂಟಲು ಕೆಟ್ಟಿತು. ಪಕ್ಕದ ಮನೆಯವರು ಯಾರೋ ಜಗಳವಾಡುತ್ತಿದ್ದಾರೆ ಎಂದು ಬಾಗಿಲು ತಟ್ಟಿದರು. ಮೂವತ್ತು ವರ್ಷ ಬಾರ್ಜಿನ ಎಂಜಿನ್ ಪಕ್ಕ ನಿಂತ ಕಿವಿಗೆ ಕಾಗದವೇ ಸರಿ.

ನಾನೀಗ ನಿಮ್ಮ ಹಳೆಯ ಬಂದರಿನಲ್ಲೇ ಕೂತಿದ್ದೇನೆ. ನೀವು ಬಾರ್ಜ್ ಕಟ್ಟುತ್ತಿದ್ದ ಧಕ್ಕೆಯ ಹಿಂದೆ ಖಾಲಿ ಬಿದ್ದಿದ್ದ ಅಂಗಳ ನೆನಪಿದೆಯಲ್ಲ? ಅಲ್ಲೇ ನನ್ನ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು, ಕೆಸರು ತೊಳೆಯುವ ಜಾಗ ಅಷ್ಟೇ. ಹಡಗು ರಿಪೇರಿ ಕಟ್ಟೆಯ ತಳದಿಂದ ಎತ್ತಿದ ಹೂಳು ಪೈಪಿನಲ್ಲಿ ನಮ್ಮ ಬಳಿ ಬರುತ್ತದೆ. ಹಡಗಿನ ಹೊಟ್ಟೆಗೆ ಚಿಪ್ಪು ಹತ್ತದಿರಲೆಂದು ಬಳಿದು, ಮತ್ತೆ ಕೆರೆದು ಹಾಕಿದ ಬಣ್ಣವೆಲ್ಲ ಅದರಲ್ಲಿದೆ: ತಾಮ್ರ, ತವರ, ಸೀಸ, ಮೇಲೊಂದಿಷ್ಟು ಹಳೆಯ ಎಣ್ಣೆ. ಅದನ್ನು ಮೊದಲು ಗಿರಗಿರನೆ ತಿರುಗಿಸಿ ಮರಳನ್ನು ಬೇರೆ ಮಾಡುತ್ತೇವೆ. ವಿಷ ಮರಳಿಗೆ ಅಷ್ಟಾಗಿ ಅಂಟುವುದಿಲ್ಲ, ನುಣುಪು ಕೆಸರನ್ನೇ ಹಿಡಿದುಕೊಳ್ಳುತ್ತದೆ. ಆ ನುಣುಪು ಕೆಸರಿಗೆ ಒಂದು ಪುಡಿ ಬೆರೆಸಿ ಬಟ್ಟೆಯ ಚೀಲಗಳಿಗೆ ತುಂಬುತ್ತೇವೆ. ಒಂದೊಂದು ಚೀಲ ಎರಡು ಬಸ್ಸಿನಷ್ಟು ಉದ್ದ. ಊಟ ಮಾಡಿ ಮಲಗಿದ ಸೋದರಮಾವನ ಹಾಗೆ ಸಾಲಾಗಿ ಬಿದ್ದುಕೊಂಡು ವಾರಗಟ್ಟಲೆ ನೀರು ಬಸಿಯುತ್ತವೆ. ಬಸಿದ ನೀರನ್ನು ಸೋಸಿ ಕಡಲಿಗೆ ಬಿಡುತ್ತೇವೆ. ಉಳಿದದ್ದನ್ನು ಸಿಮೆಂಟಿನ ಜೊತೆ ಕಲಸಿ ಗಟ್ಟಿ ಮಾಡಿ, ತಳಕ್ಕೆ ದಪ್ಪ ಹಾಳೆ ಹಾಸಿದ ಗುಂಡಿಯಲ್ಲಿ ಇಡುತ್ತೇವೆ.

ಬಂದರಿನ ಕಾಲುವೆಯನ್ನು ಅಗಲ ಮಾಡುತ್ತಿರುವುದರಿಂದ ಎಲ್ಲೆಲ್ಲಿ ಯಾವ ಕಾಲದ ಹೂಳಿದೆ ಎಂಬ ನಕ್ಷೆ ಬೇಕಾಗಿದೆ. ಅದಕ್ಕೇ ದಾಖಲೆ ಕೋಣೆಗೆ ಹೋಗಿದ್ದೆ. ಬಾರ್ಜಿನ ದಿನದಿನದ ಲೆಕ್ಕವಿರುವ ಲಾಗ್ ಪುಸ್ತಕದ ಧೂಳು ಕೊಡವಿ ತೆಗೆದರೆ ನಿಮ್ಮ ಅಕ್ಷರ! ಬೆನ್ನು ಬಗ್ಗಿಸದೆ ನಿಂತ ಅದೇ ಅಕ್ಷರ. ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ರಿಪೇರಿ ಕಟ್ಟೆಯಿಂದ ನಲವತ್ತೊಂದು ಬಾರ್ಜ್ ಕೆಸರು ಹೊತ್ತು ಹೊರಗಡಲಿನ ಆಳದ ಗುಂಡಿಗೆ ಬಿಟ್ಟಿದ್ದೀರಿ. ಪ್ರತಿ ಸಾಲಿನ ಪಕ್ಕ ಸಹಿ. ಗುಮಾಸ್ತೆಗೆ ತೋರಿಸಿ ಜಂಬ ಕೊಚ್ಚಿಕೊಂಡೆ.

ಆ ಗುಂಡಿಯ ಬಗ್ಗೆ ಏನಾದರೂ ನೆನಪಿದ್ದರೆ ಬರೆಯಿರಿ.

ನಿಮ್ಮ ಮಗಳು


ಮೇ 25

ಮಗಳೇ,

ನಿನ್ನ ಕಾಗದ ಮೂರು ಸಲ ಓದಿದೆ. ಎರಡು ಸಲ ನಾನು, ಒಂದು ಸಲ ನಿನ್ನ ಅಮ್ಮ ಗಟ್ಟಿಯಾಗಿ, ಕೆಳಗಿನ ಸೈಕಲ್ ಅಂಗಡಿಯವನಿಗೂ ಕೇಳುವಂತೆ. ನೀನು ಕೆಸರು ತೊಳೆಯುವವಳು ಎಂದು ಈಗ ಇಡೀ ಬೀದಿಗೆ ಗೊತ್ತು.

ನಾವು ಕೆಸರನ್ನು ಎತ್ತುವುದು, ಬಿಡುವುದು ಇಷ್ಟೇ ಕಲಿತವರು. ಅದನ್ನು ತೊಳೆಯಬಹುದು ಎಂದು ಆಗ ಯಾರಾದರೂ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಒಂದು ಮಾತು ಹೇಳುತ್ತೇನೆ: ಚೀಲಗಳನ್ನು ದಕ್ಷಿಣದ ಗೋಡೆಯ ಕಡೆಗೆ ಇಡಬೇಡ. ಅಲ್ಲಿ ನೆಲ ಕುಸಿಯುತ್ತದೆ, ಒಂದು ಕ್ರೇನಿನ ಚಕ್ರ ಹೂತುಹೋದದ್ದನ್ನು ನಾನೇ ನೋಡಿದ್ದೇನೆ. ಕೈಗವಸು ಹಾಕಿಕೋ. ರಿಪೇರಿ ಕಟ್ಟೆಯ ಕೆಸರು ಮುಟ್ಟಿದರೆ ಉಗುರಿನ ಸಂದಿಯಲ್ಲಿ ವಾರ ಕೂರುತ್ತದೆ.

ಬಲಗೈ ನಡುಕ ಇದ್ದ ಹಾಗೇ ಇದೆ. ಈ ಒಂದು ಪುಟಕ್ಕೆ ಎರಡು ದಿನ ಹಿಡಿಯಿತು. ನನ್ನ ಅಕ್ಷರ ಬೆನ್ನು ಬಗ್ಗಿಸಿದ್ದು ನಿನಗೇ ಕಾಣುತ್ತಿದೆಯಲ್ಲ.

ಹಳೆಯ ಪುಸ್ತಕಗಳಲ್ಲಿ ತಲೆ ಹುದುಗಿಸಿ ಕೂರಬೇಡ. ಧೂಳು ನಿನಗೆ ಆಗುವುದಿಲ್ಲ.

ನಿನ್ನ ಅಪ್ಪ

ಅಡಿಯಲ್ಲಿ ನಾನು, ನಿನ್ನ ಅಮ್ಮ. ನೀನು ಕೇಳಿದ್ದು ಗುಂಡಿಯ ಬಗ್ಗೆ, ಇವರು ಬರೆದದ್ದು ಉಗುರಿನ ಬಗ್ಗೆ. ಕಿವಿ ಮಾತ್ರ ಹೋಗಿದೆ ಅಂದುಕೊಂಡಿದ್ದೆ, ಕಣ್ಣೂ ಹೋಯಿತೋ ಏನೋ.


ಜೂನ್ 16

ಅಪ್ಪ,

ಚೀಲಗಳನ್ನು ದಕ್ಷಿಣದ ಗೋಡೆಯಿಂದ ಸರಿಸಿದೆವು. ಮಾರನೆಯ ವಾರವೇ ಅಲ್ಲಿ ನೆಲ ಕುಸಿಯಿತು. ಮೇಸ್ತ್ರಿ ನನ್ನನ್ನು ಈಗ ಸ್ವಲ್ಪ ಭಯಭಕ್ತಿಯಿಂದ ನೋಡುತ್ತಾನೆ.

ಇನ್ನೊಂದು ವಿಷಯ ಅಷ್ಟು ಹಗುರವಾದದ್ದಲ್ಲ. ಸಮೀಕ್ಷೆಯ ದೋಣಿ ಹೊರಗಡಲಿನ ಆಳದ ಗುಂಡಿಗೆ ಹೋಗಿಬಂತು. ತಳದ ಪದರಗಳ ಮಾದರಿ ತೆಗೆಯಲು ಹನ್ನೆರಡು ಕಡೆ ಕೊಳವೆ ಇಳಿಸಿದರು. ನಿಮ್ಮ ನಲವತ್ತೊಂದು ಬಾರ್ಜ್ ಕೆಸರು ಅಲ್ಲಿಲ್ಲ. ಅದಕ್ಕೆ ಮುಂಚಿನದ್ದಿದೆ, ಆಮೇಲಿನದ್ದಿದೆ, ಆ ವರ್ಷದ್ದು ಮಾತ್ರ ಇಲ್ಲ. ಪ್ರವಾಹ ಕೊಚ್ಚಿಕೊಂಡು ಹೋಗಿದ್ದರೆ ಎಲ್ಲವನ್ನೂ ಒಯ್ಯಬೇಕಿತ್ತು.

ಹೋದ ವಾರ ಅಲೆ ತಡೆಯುವ ಕಲ್ಲುಗೋಡೆಯ ಹಿಂದೆ ಮಾದರಿ ತೆಗೆಯುತ್ತಿದ್ದೆವು. ದಾಖಲೆಯ ಪ್ರಕಾರ ಅಲ್ಲಿರುವುದು ಶುದ್ಧ ಮರಳು. ಇಪ್ಪತ್ತು ಕೊಳವೆಗಳಲ್ಲಿ ಹತ್ತೊಂಬತ್ತು ಹಾಗೇ ಇದ್ದವು. ಒಂದರಲ್ಲಿ ಮಾತ್ರ ಎರಡು ಮೊಳ ಮರಳಿನ ಕೆಳಗೆ ಒಂದು ಗೇಣು ಕಪ್ಪು ಪದರ. ಪರೀಕ್ಷೆ ಮಾಡಿದರೆ ತಾಮ್ರ, ತವರ, ಸೀಸ. ರಿಪೇರಿ ಕಟ್ಟೆಯ ಕೆಸರೇ.

ಸೆಪ್ಟೆಂಬರ್ ಒಂದರಿಂದ ಕಾಲುವೆಗಾಗಿ ಆ ಜಾಗ ಅಗೆಯುತ್ತಾರೆ. ಶುದ್ಧ ಮರಳೆಂದು ಲೆಕ್ಕವಾದ್ದರಿಂದ ಅದು ನನ್ನ ಅಂಗಳಕ್ಕೆ ಬರುವುದಿಲ್ಲ. ನೇರವಾಗಿ ಬಂದರು ಕಾರ್ಮಿಕರ ವಸತಿಯ ಹಿಂದಿನ ತಗ್ಗಿಗೆ ಹೋಗಿ, ಅದರ ಮೇಲೆ ಮಕ್ಕಳ ಆಟದ ಮೈದಾನವಾಗುತ್ತದೆ. ಆಗಸ್ಟ್ ಮೂವತ್ತೊಂದರೊಳಗೆ "ಈ ಮರಳು ಶುದ್ಧ" ಎಂಬ ಕಾಗದಕ್ಕೆ ನಾನು ಸಹಿ ಹಾಕಬೇಕು. ಮುಖ್ಯ ಎಂಜಿನಿಯರ್ ಹತ್ತಿರ ಕಪ್ಪು ಪದರದ ಬಾಟಲಿ ಒಯ್ದೆ. ಅವರು ಬೆಳಕಿಗೆ ಹಿಡಿದು ನೋಡಿ, "ಇಪ್ಪತ್ತರಲ್ಲಿ ಒಂದು ಅಲ್ವೇನಮ್ಮಾ? ಯಾವ್ದೋ ದೋಣಿಯ ಹಳೇ ಬ್ಯಾಟರಿ ಬಿದ್ದಿರುತ್ತೆ. ಒಂದು ಬಾಟ್ಲಿ ಇಟ್ಕೊಂಡು ಬಂದರಿನ ಕೆಲಸ ನಿಲ್ಲಿಸೋಕಾಗಲ್ಲ. ಎಲ್ಲೆಲ್ಲಿದೆ ಅಂತ ತೋರಿಸು, ನಿಲ್ಲಿಸ್ತೀನಿ. ಇಲ್ಲಾಂದ್ರೆ ಸಹಿ ಹಾಕು" ಎಂದರು. ಕೆಟ್ಟವರಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆನೇನೋ.

ಸುತ್ತಿ ಬಳಸಿ ಕೇಳುವುದಿಲ್ಲ ಅಪ್ಪ. ಆ ವರ್ಷದ ಕೆಸರನ್ನು ಎಲ್ಲಿ ಬಿಟ್ಟಿರಿ?

ಮಗಳು


ಜೂನ್ 29

ಮಗಳಿಗೆ,

ಲಾಗ್ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ. ಪ್ರತಿ ಸಾಲಿಗೂ ಸಹಿ ಇದೆ ಎಂದು ನೀನೇ ಬರೆದಿದ್ದೀಯ.

ಮೂವತ್ತು ವರ್ಷ ಒಂದೂ ದೂರಿಲ್ಲದ ಸೇವೆ ಎಂದು ಬಂದರಿನವರು ಕೊಟ್ಟ ಗಡಿಯಾರ ಗೋಡೆಯ ಮೇಲಿದೆ. ಬಂದಾಗ ನೋಡು. ಸ್ವಂತ ಮಗಳು ಕೊಳವೆ ಹಿಡಿದುಕೊಂಡು ಅಪ್ಪನ ಹೊಟ್ಟೆ ಬಗೆಯುವುದನ್ನು ನೋಡಲು ನಾನು ಇಷ್ಟು ವರ್ಷ ಬದುಕಬೇಕಿರಲಿಲ್ಲ.

ಇಲ್ಲಿ ಎಲ್ಲರೂ ಆರಾಮ.

ಅಪ್ಪ


ಜುಲೈ 20

ಅಪ್ಪ,

ನಿಮ್ಮ ಕಾಗದ ಓದಿ ಅತ್ತೆ. ಮೂರು ವಾರ ಏನೂ ಬರೆಯಲಿಲ್ಲ, ಕೆಲಸ ಮಾಡಿದೆ. ಮುನಿಸಿಕೊಂಡು ಕೂರುವುದು ನಮ್ಮ ಮನೆಯಲ್ಲಿ ನಿಮ್ಮ ಇಲಾಖೆ, ನನ್ನದಲ್ಲ.

ಬಿಡುವಿದ್ದಾಗಲೆಲ್ಲ ಒಂದು ಚಿಕ್ಕ ದೋಣಿ ತೆಗೆದುಕೊಂಡು ಕಲ್ಲುಗೋಡೆಯ ಹಿಂದೆ ಕೊಳವೆ ಇಳಿಸುತ್ತಿದ್ದೇನೆ. ಇಬ್ಬರು ನಿಂತು ಕೊಳವೆಯನ್ನು ಬಡಿದು ಇಳಿಸಬೇಕು, ಅದರ ಬಾಯಿ ಮುಚ್ಚಿ ಎಳೆಯಬೇಕು. ಎಳೆಯುವಾಗ ಸೊಂಟ ಕಳಚಿ ಕೈಗೆ ಬರುತ್ತದೆ. ದಿನಕ್ಕೆ ನಾಲ್ಕಾದರೆ ಹೆಚ್ಚು. ಇದುವರೆಗೆ ಮೂವತ್ತಾರು ಕಡೆ ತೆಗೆದಿದ್ದೇನೆ, ಎರಡರಲ್ಲಿ ಕಪ್ಪು ಸಿಕ್ಕಿದೆ. ಜಾಗ ಎಷ್ಟು ದೊಡ್ಡದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೀಗೇ ಕುರುಡಾಗಿ ಚುಚ್ಚುತ್ತಾ ಹೋದರೆ ಮುಗಿಸಲು ಎರಡು ವರ್ಷ ಬೇಕು. ನನಗಿರುವುದು ಆರು ವಾರ.

ನೀರಿನಡಿ ಮರಳು ಹೊದ್ದು ಮಲಗಿರುವವರೆಗೆ ಆ ಕೆಸರು ಅಷ್ಟು ತೊಂದರೆ ಕೊಡುವುದಿಲ್ಲ. ಎತ್ತಿ, ಬಿಸಿಲಿಗೆ ಒಣಗಿಸಿ, ಮಕ್ಕಳ ಕಾಲ ಕೆಳಗೆ ಹಾಸಿದರೆ ಧೂಳಾಗಿ ಮೂಗಿಗೆ, ಬಾಯಿಗೆ ಹೋಗುತ್ತದೆ. ವಸತಿಯ ತಗ್ಗಿನ ಪಕ್ಕ ಈಗಾಗಲೇ ಜಾರುಬಂಡಿ ತಂದು ಇಳಿಸಿದ್ದಾರೆ. ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದಾರೆ. ಒಂದು ಪುಟ್ಟ ಹುಡುಗಿ ದಿನಾ ಬಂದು ಅದನ್ನು ಮುಟ್ಟಿ ನೋಡಿ ಹೋಗುತ್ತಾಳೆ.

ನಾನು ಸಹಿ ಹಾಕುವುದಿಲ್ಲ. ಹಾಕದಿದ್ದರೆ ನನ್ನನ್ನು ಬೇರೆ ಕಡೆ ಹಾಕಿ, ಹಾಕುವವರನ್ನು ತಂದು ಕೂರಿಸುತ್ತಾರೆ. ಆಗ ಕೆಸರು ಅಲ್ಲಿಗೇ ಹೋಗುತ್ತದೆ, ನಾನು ಮಾತ್ರ ಒಳ್ಳೆಯವಳಾಗಿ ಉಳಿಯುತ್ತೇನೆ. ಅಂಥ ಒಳ್ಳೆಯತನ ನನಗೆ ಬೇಡ.

ದಿನಾ ಕೆಲಸಕ್ಕೆ ಹೋಗುವಾಗ ಅಮ್ಮನನ್ನು ಆರು ವಾರ ಮಲಗಿಸಿದ್ದ ಆಸ್ಪತ್ರೆಯ ಕೆಳಗೇ ಹಾದುಹೋಗುತ್ತೇನೆ. ಅದೇ ವರ್ಷ ಅಲ್ಲವೇ ಅಪ್ಪ? ಸಂಜೆ ಐದಕ್ಕೆ ಬಂದು ನನಗೆ ಎರಡು ಜಡೆ ಹೆಣೆಯುತ್ತಿದ್ದಿರಿ, ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಆರು ಗಂಟೆಗೆ ಆಸ್ಪತ್ರೆಯ ಬಾಗಿಲು ಹಾಕುವ ಮುಂಚೆ ಅಮ್ಮನ ಮುಂದೆ ನಿಲ್ಲುತ್ತಿದ್ದೆವು. ಆಳದ ಗುಂಡಿಗೆ ಹೋಗಿಬರಲು ನಾಲ್ಕು ಗಂಟೆ ಬೇಕು. ಲಾಗ್ ಪುಸ್ತಕದ ಪ್ರಕಾರ ಮಧ್ಯಾಹ್ನ ಮೂರೂವರೆಗೆ ಹೊರಟ ಬಾರ್ಜಿನ ಚಾಲಕ ಐದಕ್ಕೆ ಮನೆಗೆ ಹೇಗೆ ಬಂದ ಎಂದು ಆಗ ನನಗೆ ಹೊಳೆಯಲಿಲ್ಲ. ಈಗ ಹೊಳೆಯುತ್ತಿದೆ.

ನಾನು ನಿಮ್ಮನ್ನು ಹಿಡಿಯಲು ಕೇಳುತ್ತಿಲ್ಲ. ಜಾಗ ಹೇಳಿ ಅಷ್ಟೇ.

ನಿಮ್ಮ ಮಗಳು


ಆಗಸ್ಟ್ 1

ಮಗಳೇ,

ನಾನು ಬರೆಯುತ್ತಿರುವುದು ನಿನ್ನ ಅಪ್ಪನಿಗೆ ಗೊತ್ತಿಲ್ಲ. ಹೊಲಿಗೆಗೆ ಬಂದ ಬಟ್ಟೆಯ ಅಳತೆ ಬರೆದುಕೊಳ್ಳುತ್ತಿದ್ದೇನೆ ಎಂದು ಅಂದುಕೊಂಡಿದ್ದಾರೆ.

ನಿನ್ನ ಕಾಗದ ಬಂದ ದಿನ ಒಬ್ಬರೇ ಓದಿದರು. ನನಗೆ ಕೊಡಲಿಲ್ಲ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಒಗೆಯಲು ಅಂಗಿ ಕೇಳಿದರೆ ಅಂಗಿಯನ್ನೂ ಕೊಡುವುದಿಲ್ಲ. ತಟ್ಟೆಯ ಮುಂದೆ ಕೂರುತ್ತಾರೆ, ಅನ್ನ ಕಲಸುತ್ತಾರೆ, ಎದ್ದುಹೋಗುತ್ತಾರೆ. ಮೊನ್ನೆ ಗೋಡೆಯ ಗಡಿಯಾರ ಇಳಿಸಿ ಮುಖ ಕೆಳಗೆ ಮಾಡಿ ಬೀರುವಿನ ಮೇಲಿಟ್ಟರು. "ಯಾಕೆ ಇಳಿಸಿದ್ರಿ?" ಅಂದೆ. "ಸದ್ದು ಜಾಸ್ತಿ" ಅಂದರು. ಕೆಪ್ಪನಿಗೆ ಗಡಿಯಾರದ ಸದ್ದು ಜಾಸ್ತಿಯಂತೆ!

ನಿನ್ನೆ ಸೈಕಲ್ ಅಂಗಡಿಯವನಿಂದ ಏಣಿ ತಂದು ಅಟ್ಟ ಹತ್ತಿದರು. ಈ ವಯಸ್ಸಿನಲ್ಲಿ, ಆ ಕೈಯಲ್ಲಿ. ಬೇಡ ಅಂದರೆ ಕೇಳುವ ಕುಳವೇ? ಒಂದು ತಗಡಿನ ಡಬ್ಬಿ ಇಳಿಸಿದ್ದಾರೆ. ಒಳಗೇನಿದೆ ಎಂದು ನಾನು ಕೇಳಲಿಲ್ಲ. ಕೆಲವನ್ನು ಕೇಳಬಾರದು ಎಂದು ನಾನು ಬಹಳ ಹಿಂದೆ ಕಲಿತವಳು.

ನೀನು ಸ್ವಲ್ಪ ತಾಳಿಕೋ. ಇವರು ದಾರಿಯಲ್ಲಿದ್ದಾರೆ ಅನ್ನಿಸುತ್ತೆ.

ಅಮ್ಮ


ಆಗಸ್ಟ್ 6

ಮಗಳೇ,

ಕಲ್ಲುಗೋಡೆಯ ಹಿಂದೆ ಬಿಟ್ಟೆ. ನಲವತ್ತೊಂದನ್ನೂ.

ಈ ಒಂದು ಸಾಲು ಬರೆಯಲು ನಾಲ್ಕು ಕಾಗದ ಹರಿದೆ. ಇನ್ನು ಉಳಿದದ್ದು ಸುಲಭ.

ನಾಲ್ಕು ದಿನಕ್ಕೊಮ್ಮೆ ಬಾರ್ಜ್ ತುಂಬುತ್ತಿತ್ತು. ಆಳದ ಗುಂಡಿಗೆ ಹೋದರೆ ವಾಪಸ್ಸಾಗುವುದು ಸಂಜೆ ಏಳೂವರೆಗೆ. ಆಸ್ಪತ್ರೆಯವರು ಆರರ ಮೇಲೆ ಒಂದು ನಿಮಿಷ ಒಳಗೆ ಬಿಡುತ್ತಿರಲಿಲ್ಲ. ನಿನ್ನ ಅಮ್ಮ ಮಗ್ಗುಲು ತಿರುಗಲಾರದೆ ಮಲಗಿದ್ದಳು. ಮೊದಲ ಸಲ ಕಲ್ಲುಗೋಡೆ ದಾಟಿದ ಮೇಲೆ ಎಂಜಿನ್ ನಿಧಾನ ಮಾಡಿ ಸುತ್ತ ನೋಡಿದೆ. ಯಾರೂ ಇರಲಿಲ್ಲ. ತಳದ ಬಾಗಿಲು ತೆಗೆದೆ. ಒಮ್ಮೆ ಬುಗ್ಗೆಂದು ನೀರು ಕಪ್ಪಾಯಿತು, ಅಷ್ಟೇ. ಜೊತೆಗಿದ್ದ ಇಬ್ಬರು ನನ್ನ ಮುಖ ನೋಡಲಿಲ್ಲ. ಇಬ್ಬರೂ ಈಗಿಲ್ಲ, ಅವರನ್ನು ಇದರಲ್ಲಿ ಎಳೆಯಬೇಡ.

ನೀನು ಅಮ್ಮನ ಮಾತು ಎತ್ತಿದ್ದೀಯ. ನನಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟೆ ಎಂದು ಗೊತ್ತು. ಆದರೆ ಕೇಳು: ನಿನ್ನ ಅಮ್ಮ ಮನೆಗೆ ಬಂದಾಗ ಹನ್ನೊಂದು ಬಾರ್ಜ್ ಆಗಿತ್ತು. ಉಳಿದ ಮೂವತ್ತು ಯಾವ ಅಮ್ಮನಿಗಾಗಿಯೂ ಅಲ್ಲ. ಬೇಗ ಮನೆಗೆ ಬರುವುದು ರೂಢಿಯಾಯಿತು. ಕಾಲು ಚಾಚಿ ಕೂರುವುದು ಹಿತವಾಗಿತ್ತು. ರಿಪೇರಿ ಕಟ್ಟೆಯ ಕೆಲಸ ಅಲ್ಲಿಗೆ ಮುಗಿಯಿತು, ಇಲ್ಲವಾದರೆ ನೂರಾಗುತ್ತಿತ್ತು. ಹನ್ನೊಂದಕ್ಕೆ ಕಾರಣವಿದೆ, ಮೂವತ್ತಕ್ಕಿಲ್ಲ. ಹನ್ನೊಂದರ ಸೆರಗಿನಲ್ಲಿ ಮೂವತ್ತನ್ನು ಮುಚ್ಚಿಡುವಷ್ಟು ನಾಚಿಕೆಗೆಟ್ಟವನು ನಾನಲ್ಲ.

ಈಗ ಕೆಲಸದ ಮಾತು. ಒಂದೇ ಕಡೆ ಬಿಡುತ್ತಾ ಹೋದರೆ ತಳದಲ್ಲಿ ದಿಬ್ಬ ಏಳುತ್ತದೆ. ಯಾವುದಾದರೂ ದೋಣಿ ತಾಗಿದರೆ ಎಲ್ಲ ಬಯಲು. ಆದ್ದರಿಂದ ಪ್ರತಿ ಸಲ ಬೇರೆ ಜಾಗದಲ್ಲಿ ಬಿಡಬೇಕಿತ್ತು. ಹಿಂದಿನದ್ದು ಎಲ್ಲಿ ಎಂದು ಮರೆಯಬಾರದಲ್ಲ, ಅದಕ್ಕೆ ಒಂದು ಪುಟ್ಟ ಪುಸ್ತಕ ಇಟ್ಟಿದ್ದೆ. ಸರ್ಕಾರದ ಲಾಗ್ ಪುಸ್ತಕದಲ್ಲಿ ಸುಳ್ಳು, ಜೇಬಿನ ಪುಸ್ತಕದಲ್ಲಿ ಸತ್ಯ. ನಾನು ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಇನ್ನೇನನ್ನೂ ಬರೆದಿಟ್ಟಿಲ್ಲ.

ಅದನ್ನು ಇದರ ಜೊತೆ ಕಳಿಸಿದ್ದೇನೆ. ಮೊದಲ ಪುಟಕ್ಕೆ ನೀರು ಬಿದ್ದು ಮೂರು ಸಾಲು ಅಳಿಸಿವೆ. ಉಳಿದ ಮೂವತ್ತೆಂಟು ಇವೆ.

ಅಪ್ಪ


ಆಗಸ್ಟ್ 11

ಅಪ್ಪ,

ಪುಸ್ತಕ ಬಂತು. ನಿಮ್ಮ ಕಾಗದವನ್ನು ಯಾರಿಗೂ ತೋರಿಸಿಲ್ಲ. ನನಗೆ ಸಿಟ್ಟೂ ಇದೆ, ನಿಮ್ಮನ್ನು ತಬ್ಬಿಕೊಳ್ಳಬೇಕು ಅಂತಲೂ ಇದೆ. ಎರಡನ್ನೂ ಆಮೇಲೆ ನೋಡಿಕೊಳ್ಳೋಣ.

ಈಗಿನ ತೊಂದರೆ ಬೇರೆ. ಏಳನೇ ಸಾಲು: "ಮುದುಕಿಯ ಮೂಗು ಹಸಿರು ಬಾಗಿಲ ಮೇಲೆ, ಕುಂಟ ಅರ್ಧ ಮರೆ." ಹತ್ತೊಂಬತ್ತನೆಯದು: "ಎಮ್ಮೆ ಎದ್ದಾಗ, ಮುದುಕಿಯಿಂದ ಎರಡು ಬೆರಳು ಎಡ." ಸಮೀಕ್ಷೆಯ ಎಂಜಿನಿಯರ್ ಇದನ್ನು ಓದಿ ಕನ್ನಡಕ ಒರೆಸಿಕೊಂಡರು. ದಡದ ಗುರುತುಗಳಿಗೆ ನೀವಿಟ್ಟ ಅಡ್ಡಹೆಸರುಗಳು ಎಂದು ಊಹಿಸಿದೆ. ಯಾವುದು ಮುದುಕಿ, ಯಾವುದು ಎಮ್ಮೆ? ಹಸಿರು ಬಾಗಿಲುಗಳೆಲ್ಲ ಬಣ್ಣ ಬದಲಿಸಿವೆ. ಅರ್ಧ ದಡ ಕಟ್ಟಡವಾಗಿದೆ.

ನಿಮ್ಮನ್ನು ದೋಣಿಯಲ್ಲಿ ನಿಲ್ಲಿಸದೆ ಇದು ಬಗೆಹರಿಯುವುದಿಲ್ಲ. ಬರುತ್ತೀರಾ? ಹಳೆಯ ಚಾಲಕರೊಬ್ಬರು ಸಹಾಯ ಮಾಡುತ್ತಿದ್ದಾರೆ ಎಂದಷ್ಟೇ ಹೇಳುತ್ತೇನೆ. ವರದಿಯಲ್ಲಿ "ಮಾಹಿತಿ ಕೊಟ್ಟವರು" ಎಂಬ ಕಡೆ ಖಾಲಿ ಬಿಡಬಹುದು. ಯಾರೂ ಕೇಳುವುದಿಲ್ಲ.

ಮಗಳು


ಆಗಸ್ಟ್ 14

ಮಗಳೇ,

ಸೋಮವಾರದ ಬಸ್ಸಿಗೆ ಬರುತ್ತೇನೆ. ನಿನ್ನ ಅಮ್ಮ ಬರುವುದಿಲ್ಲ, ಬಸ್ಸು ಹತ್ತಿದರೆ ಮೊದಲ ತಿರುವಿಗೇ ವಾಂತಿ.

ಖಾಲಿ ಏನನ್ನೂ ಬಿಡಬೇಡ. ನನ್ನ ಜಾಗದಲ್ಲಿ ನಾನು ನಿಲ್ಲುತ್ತೇನೆ.

ಟೋಪಿ ಇದ್ದರೆ ಒಂದು ತೆಗೆದಿಡು. ನೀರಿನ ಮೇಲೆ ಬಿಸಿಲು ಎರಡು ಕಡೆಯಿಂದ ಹೊಡೆಯುತ್ತದೆ.

ಅಪ್ಪ


ಆಗಸ್ಟ್ 25

ಅಮ್ಮ,

ಅಪ್ಪ ಈ ವಾರ ಬರುವುದಿಲ್ಲ. ಬೈಯಬೇಡ, ಪೂರ್ತಿ ಓದು.

ಬಂದ ಮಾರನೆಯ ದಿನವೇ ದೋಣಿ ಹತ್ತಿದರು. ಮೆಟ್ಟಿಲು ಇಳಿಯುವಾಗ ನಾನು ಕೈ ಹಿಡಿಯಲು ಹೋದೆ. "ಬಿಡೇ, ನೀನು ಬಿದ್ರೆ ಎತ್ತೋಕೆ ನಂಗೊಂದು ಕೈ ಬೇಕು" ಎಂದರು. ಕಲ್ಲುಗೋಡೆ ದಾಟಿದ ಮೇಲೆ ಎದ್ದು ನಿಂತು ಬಹಳ ಹೊತ್ತು ದಡ ನೋಡಿದರು. ಆಮೇಲೆ ಮುಖ ಅರಳಿತು. "ಅಗೋ, ಮುದುಕಿ ಇನ್ನೂ ಬದುಕಿದಾಳೆ!" ದೀಪಸ್ತಂಭದ ಪಕ್ಕದ ಬಂಡೆ ಅದು. ಎಮ್ಮೆ ಎಂದರೆ ಹಿಂದಿನ ಗುಡ್ಡ. ದೋಣಿ ಮುಂದೆ ಹೋದಂತೆ ಅದು ಎದ್ದು ನಿಂತ ಹಾಗೆ ನಿಜವಾಗಿಯೂ ಕಾಣುತ್ತದೆ. ಕುಂಟ ಹಳೆಯ ನೀರಿನ ಟ್ಯಾಂಕು, ಒಂದು ಕಾಲು ಗಿಡ್ಡ. ಹಸಿರು ಬಾಗಿಲು ಈಗ ಔಷಧಿ ಅಂಗಡಿ.

ಆರು ದಿನ ಸುತ್ತಿದೆವು. ಈ ಸಲ ಸಮೀಕ್ಷೆಯ ದೊಡ್ಡ ದೋಣಿ ಇತ್ತು, ಕೊಳವೆ ಬಡಿಯಲು ಯಂತ್ರವಿತ್ತು, ದಿನಕ್ಕೆ ಆರೇಳು ಆಗುತ್ತಿತ್ತು. ಎರಡು ಬೆರಳು ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, "ಇಲ್ಲಿ" ಎನ್ನುತ್ತಿದ್ದರು. ಅಲ್ಲಿ ಕೊಳವೆ ಇಳಿಸುತ್ತಿದ್ದೆವು. ಮೂವತ್ತೆಂಟು ಕಡೆ ಇಳಿಸಿದೆವು, ಮೂವತ್ತಾರರಲ್ಲಿ ಕಪ್ಪು ಬಂತು. ಮೊದಲನೆಯ ಕೊಳವೆ ಸೀಳಿದಾಗ ಅಪ್ಪ ಬೆರಳು ಅದ್ದಿ ಮೂಸಿ ನೋಡಿ, ದೋಣಿಯ ಇನ್ನೊಂದು ತುದಿಗೆ ಹೋಗಿ ಕೂತರು. ಕೈಗವಸು ಹಾಕಿಕೊಳ್ಳಿ ಎಂದು ನಾನು ಬೈಯಲಿಲ್ಲ.

ನಕ್ಷೆಯನ್ನು ಮುಖ್ಯ ಎಂಜಿನಿಯರ್ ಮೇಜಿನ ಮೇಲೆ ಹಾಸಿದೆ. ಅವರು ನಕ್ಷೆ ನೋಡಿದರು, ಅಪ್ಪನನ್ನು ನೋಡಿದರು, ಕುರ್ಚಿ ಎಳೆದು "ಕೂತ್ಕೊಳ್ಳಿ ಯಜಮಾನ್ರೇ" ಎಂದರು. ಕಪ್ಪು ಸಿಕ್ಕ ಜಾಗವನ್ನೆಲ್ಲ ಒಂದು ಪಟ್ಟಿಯಾಗಿ ಗುರುತಿಸಿ ಬೇರೆ ಇಡುತ್ತಾರೆ, ಸೆಪ್ಟೆಂಬರಿನಲ್ಲಿ ಮರಳಿನ ಜೊತೆ ಅಗೆಯುವುದಿಲ್ಲ. ಅಲ್ಲಿನ ಹೂಳೆಲ್ಲ ಪೈಪಿನಲ್ಲಿ ನನ್ನ ಅಂಗಳಕ್ಕೆ ಬರುತ್ತದೆ. ಮೈದಾನಕ್ಕೆ ಪಟ್ಟಿಯ ಹೊರಗಿನ ಮರಳು ಮಾತ್ರ. ನನಗೆ ಇನ್ನೂ ಹದಿನಾಲ್ಕು ಚೀಲ ಬೇಕಾಗುತ್ತವೆ, ಎರಡು ವರ್ಷದ ಕೆಲಸ. ಮಾಡುತ್ತೇನೆ.

ಆದರೆ ನಕ್ಷೆ ನಿಲ್ಲಬೇಕಾದರೆ ಹಳೆಯ ದಾಖಲೆ ತಿದ್ದಬೇಕು. ಗುಮಾಸ್ತೆ ಒಂದು ಹಾಳೆ ಮುಂದಿಟ್ಟು, "ಎಲ್ಲಾ ಸೇರಿ ಒಂದು ಹೇಳಿಕೆ ಬರೆದು ಒಂದು ಸಹಿ ಹಾಕಿದ್ರೆ ಸಾಕು" ಎಂದಳು. ಅಪ್ಪ ಒಪ್ಪಲಿಲ್ಲ. "ಸುಳ್ಳು ಒಂದೇ ಸಲ ಬರೆದಿದ್ರೆ ಒಂದೇ ಸಹಿ ಸಾಕಿತ್ತಮ್ಮಾ. ನಲವತ್ತೊಂದು ದಿನ ಕೂತು ನಲವತ್ತೊಂದು ಸಲ ಬರೆದಿದೀನಿ. ಲಾಗ್ ಪುಸ್ತಕ ತಾ" ಎಂದರು. ದಾಖಲೆ ಕೋಣೆಯ ಕಿಟಕಿ ಪಕ್ಕ ಕೂತು, ಒಂದೊಂದು ಸಾಲಿಗೂ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನಿಜವಾದ ಜಾಗ ಬರೆದು ಸಹಿ ಹಾಕುತ್ತಿದ್ದಾರೆ. ಕೈ ನಡುಗುತ್ತದೆ. ಎಡಗೈಯಿಂದ ಬಲಗೈ ಮಣಿಕಟ್ಟು ಒತ್ತಿಹಿಡಿದು ಬರೆಯುತ್ತಾರೆ. ಒಂದಕ್ಕೆ ಕಾಲು ಗಂಟೆ. ನಾನು ಬರೆಯುತ್ತೇನೆ, ನೀವು ಸಹಿ ಮಾತ್ರ ಹಾಕಿ ಎಂದರೆ ಮುಂದಿನ ಸಾಲಿಗೆ ಅಡ್ಡಗೆರೆ ಎಳೆದರು.

ಇವತ್ತಿಗೆ ಮೂವತ್ತೆಂಟು ಮುಗಿಯಿತು. ಮೂರು ಉಳಿದಿವೆ, ಮೊದಲ ಪುಟದಲ್ಲಿ ಅಳಿಸಿಹೋದವು. ಐದನೆಯದು, ಆರನೆಯದು, ಎಂಟನೆಯದು. ನೀನು ಆಸ್ಪತ್ರೆಯಲ್ಲಿದ್ದಾಗಿನ ಮೊದಲ ಹನ್ನೊಂದರಲ್ಲಿ ಉಳಿದ ಎಂಟೂ ದೀಪಸ್ತಂಭದ ಕಡೆಯವು. ನೆನಪಿಲ್ಲ ಎಂದು ಬರೆಯಿರಿ ಅಪ್ಪ ಎಂದೆ. "ಅಂದಾಜು ಬರೆದ್ರೆ ಅದೂ ಒಂದು ಸುಳ್ಳು. ನೆನಪಿಲ್ಲ ಅಂತ ಬರೆದ್ರೆ ಕೆಸರು ಎಲ್ಲಿದ್ಯೋ ಅಲ್ಲೇ ಇರುತ್ತೆ" ಎಂದರು. ದಿನಾ ದೋಣಿಯಲ್ಲಿ ಹೋಗಿ ದಡ ನೋಡಿ ಬರುತ್ತಾರೆ. ಬೇರೆ ಇಡುವ ಪಟ್ಟಿಯ ಗಡಿಯನ್ನು ಮೂವತ್ತೊಂದಕ್ಕೆ ಗೊತ್ತುಮಾಡುತ್ತಾರೆ. ಆ ಮೂರು ಪಟ್ಟಿಯ ಹೊರಗಿದ್ದರೆ ಅಷ್ಟರಮಟ್ಟಿಗೆ ಅವು ಮೈದಾನಕ್ಕೇ ಹೋಗುತ್ತವೆ. ಅದು ಗೊತ್ತಿರುವುದಕ್ಕೇ ಅಪ್ಪ ಮನೆಗೆ ಹೊರಡುತ್ತಿಲ್ಲ.

ನಿನ್ನ ಮಗಳು


ಆಗಸ್ಟ್ 27

ಮಗಳೇ,

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಹೇಳಲು ಹೋದರೆ ಅಳು ಬರುತ್ತೆ, ಅದಕ್ಕೆ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನನ್ನ ಮಂಚ ಕಿಟಕಿಗೆ ಅಂಟಿಕೊಂಡಿತ್ತು. ಆರು ವಾರ ನೋಡಲು ನನಗೆ ಇದ್ದದ್ದು ಅದೊಂದೇ. ಬಂದರು, ಕಲ್ಲುಗೋಡೆ, ಅದರಾಚೆ ನೀರು. ಇವರ ಬಾರ್ಜಿಗೆ ಕೆಂಪು ಪಟ್ಟಿ ಇತ್ತು, ದೂರದಿಂದಲೇ ಗೊತ್ತಾಗುತ್ತಿತ್ತು. ಮಧ್ಯಾಹ್ನ ಮೂರೂವರೆಗೆ ಹೊರಡುತ್ತಿತ್ತು. ಗೋಡೆ ದಾಟಿ ನಿಲ್ಲುತ್ತಿತ್ತು. ಸುತ್ತಲಿನ ನೀರು ಶಾಯಿ ಚೆಲ್ಲಿದ ಹಾಗೆ ಆಗುತ್ತಿತ್ತು. ತಿರುಗಿ ಬರುತ್ತಿತ್ತು. ನಾನು ಎದ್ದು ಕೂರಲಾರದಿದ್ದರೂ ತಲೆ ಬಾಚಿಸಿಕೊಂಡು ಕಾಯುತ್ತಿದ್ದೆ, ಇನ್ನೊಂದು ಗಂಟೆಗೆ ಇಬ್ಬರೂ ಬರುತ್ತೀರಿ ಎಂದು.

ಬಾರ್ಜ್ ಚಾಲಕನ ಹೆಂಡತಿ ನಾನು. ಆಳದ ಗುಂಡಿಗೆ ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೇಳಲಿಲ್ಲ. ಕೇಳಿದ್ದರೆ ಮುಂದಿನ ಸಲದಿಂದ ಆಳಕ್ಕೇ ಹೋಗುತ್ತಿದ್ದರು, ಸಂಜೆ ನಾನು ಬಾಗಿಲು ನೋಡುತ್ತಾ ಮಲಗಿರಬೇಕಿತ್ತು. ಅಷ್ಟೇ ನನ್ನ ಲೆಕ್ಕ. ಇಷ್ಟು ವರ್ಷ ಅವರು ನನ್ನಿಂದ ಮುಚ್ಚಿಟ್ಟರು, ನಾನು ಅವರಿಂದ ಮುಚ್ಚಿಟ್ಟೆ, ಒಂದೇ ಮನೆಯಲ್ಲಿ.

ಹನ್ನೊಂದರಲ್ಲಿ ಎಂಟು ಸಲ ಅವರು ದೀಪಸ್ತಂಭದ ಕಡೆ ನಿಂತರು. ಮೂರು ಸಲ ಮಾತ್ರ ಈಚೆ, ಆಸ್ಪತ್ರೆಯ ಕಡೆಗೆ, ಹಳ್ಳ ಕಡಲು ಸೇರುವ ಬಾಯಿಯ ಹತ್ತಿರ. ಆ ದಿನಗಳಲ್ಲಿ ಗಾಳಿ ಜೋರಾಗಿತ್ತು, ಕಿಟಕಿಯ ಬಾಗಿಲು ಬಡಿಯುತ್ತಿತ್ತು. ಈಚೆ ನಿಂತಾಗ ಬಾರ್ಜ್ ಎಷ್ಟು ಹತ್ತಿರ ಕಾಣುತ್ತಿತ್ತೆಂದರೆ ಇವರ ಟೋಪಿ ಕೂಡ ಕಾಣುತ್ತಿತ್ತು. ನಾನು ಕೈ ಬೀಸಿದ್ದೆ. ಅವರಿಗೆ ಕಂಡಿರಲಿಕ್ಕಿಲ್ಲ.

ಹಳ್ಳದ ಬಾಯಿ ಎಂದರೆ ನಿಮ್ಮ ಪಟ್ಟಿಯ ಒಳಗೋ ಹೊರಗೋ ನನಗೆ ತಿಳಿಯದು. ಈ ಕಾಗದವನ್ನು ಇವತ್ತಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೇನೆ, ನಾನು ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ವಾಂತಿ ಆದರೆ ಆಗಲಿ, ಎರಡು ಚೀಲ ಇಟ್ಟುಕೊಂಡಿದ್ದೇನೆ, ನಿನ್ನ ಚೀಲದಷ್ಟು ದೊಡ್ಡವಲ್ಲ. ಆಸ್ಪತ್ರೆಯವರನ್ನು ಕೇಳಿ ಆ ಮೂರನೇ ಮಹಡಿಯ ಕಿಟಕಿಯ ಹತ್ತಿರ ನನ್ನನ್ನು ನಿಲ್ಲಿಸು. ನೀವಿಬ್ಬರೂ ದೋಣಿಯಲ್ಲಿರಿ. ಇವರಿಗೆ ಟೋಪಿ ಹಾಕಿಕೊಳ್ಳಲು ಹೇಳು. ಟೋಪಿ ಅಷ್ಟೇ ದೊಡ್ಡದಾಗಿ ಕಂಡ ಕಡೆ ನಾನು ಕೈ ಬೀಸುತ್ತೇನೆ. ಅಲ್ಲಿ ಕೊಳವೆ ಇಳಿಸಿ.

ಆ ಮೂರು ಸಾಲನ್ನು ನಾನು ಬರುವ ತನಕ ಹಾಗೇ ಇಟ್ಟಿರಲು ಅಪ್ಪನಿಗೆ ಹೇಳು. ಮೊದಲ ಹನ್ನೊಂದರ ಪಕ್ಕದಲ್ಲಿ ನನ್ನದೊಂದು ಸಹಿಗೆ ಜಾಗ ಇದೆಯೇ ಎಂದು ಗುಮಾಸ್ತೆಯನ್ನೂ ಕೇಳಿಡು.

ಅಮ್ಮ